ಹಳೆಯ ಆಟಕ್ಕೆ ಸದ್ದು ಬಾರದಿದ್ದರೆ

ಡಾಸ್ ಕಾಲದ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಆಡಿಸುವ ಉಚಿತ ತಂತ್ರಾಂಶ ಡಾಸ್‌ಬಾಕ್ಸ್. ಕೆಲವೊಮ್ಮೆ ಚಿತ್ರ ಬರುತ್ತದೆ, ಸದ್ದು ಬರುವುದಿಲ್ಲ. ಮಾರಿಕುಪ್ಪಂನ ನಮ್ಮ ಮನೆಯಲ್ಲೂ ಹೀಗಾದಾಗ ಅಬ್ಬಾ ಹೊಸ ಸ್ಪೀಕರಿಗೆ ಹಣ ಎತ್ತಿಡಲು ಹೊರಟರು. ಅದೇ ಸ್ಪೀಕರಿನಲ್ಲಿ ಹಾಡು ಚೆನ್ನಾಗಿ ಕೇಳಿಸಿತು. ಅಂದರೆ ದೋಷ ಸ್ಪೀಕರಿನದಲ್ಲ.

ಅಂದಿನ ಆಟಗಳಿಗೆ ಸೌಂಡ್ ಕಾರ್ಡ್ ಎಲ್ಲಿದೆಯೆಂದು ನಾವೇ ಹೇಳಬೇಕು. ಡಾಸ್‌ಬಾಕ್ಸ್ ತನ್ನನ್ನು ಸೌಂಡ್ ಬ್ಲಾಸ್ಟರ್ 16 ಕಾರ್ಡೆಂದು ತೋರಿಸಿಕೊಳ್ಳುತ್ತದೆ. ಆಟದ ಫೋಲ್ಡರಿನಲ್ಲಿ ಸೆಟಪ್ ಫೈಲ್ ಇದ್ದರೆ ಅದನ್ನು ಡಾಸ್‌ಬಾಕ್ಸ್‌ನಲ್ಲೇ ತೆರೆದು ಸೌಂಡ್ ಬ್ಲಾಸ್ಟರ್ ಆರಿಸಿ. ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1 ಎಂದು ಕೊಟ್ಟು ಸೇವ್ ಮಾಡಿ. ಐಆರ್‌ಕ್ಯೂ 5 ಎಂದಿದ್ದರೆ ಬದಲಿಸಿ.

ಮೊತ್ತ ಸರಿಯಿದ್ದರೂ ಬೇರೆ ಖಾತೆಗೆ ಪೋಸ್ಟ್ ಮಾಡಿದರೆ ಲೆಕ್ಕ ಸಿಗುವುದಿಲ್ಲ. ಇದೂ ಹಾಗೆಯೇ. ಹಣ ತೆಗೆಯುವ ಮುನ್ನ ಈ ಮೂರು ಅಂಕಿ ನೋಡಿ.