ಕೆರೆ ತುಂಬಿದ್ದಾಗ ಹೋಗಿ

ನಾವು ಕ್ಯಾಲಿಫೋರ್ನಿಯಾಕ್ಕೆ ಬಂದ ಮೊದಲ ವರ್ಷ ಬುಕ್ ಮಾಡಿದ ಕ್ಯಾಂಪ್‌ಗ್ರೌಂಡಿನ ಫೋಟೊದಲ್ಲಿ ಟೆಂಟಿನ ಬಾಗಿಲಿಗೇ ನೀರು ಬಂದು ತಾಗುತ್ತಿತ್ತು. ಸೆಪ್ಟೆಂಬರಿನ ಲೇಬರ್ ಡೇ ರಜೆ. ಮೂರು ಗಂಟೆ ಕಾರು ಓಡಿಸಿ ಹೋಗಿ ನೋಡಿದರೆ ಎದುರಿಗೆ ಬಿರುಕು ಬಿಟ್ಟ ಮಣ್ಣು, ಅದರಾಚೆ ಕಲ್ಲು, ಕಲ್ಲಿನಾಚೆ ಮತ್ತೆ ಮಣ್ಣು. ನೀರು ಎಲ್ಲೋ ದೂರದಲ್ಲಿ ತಗಡಿನ ಚೂರಿನ ಹಾಗೆ ಹೊಳೆಯುತ್ತಿತ್ತು. "ಅಪ್ಪಾ, ಲೇಕ್ ಎಲ್ಲಿ?" ಅಂದಳು ಮಗಳು. ಕೊರಟಗೆರೆ ತಾಲ್ಲೂಕಿನಲ್ಲಿ ಹುಟ್ಟಿ, ಬೇಸಿಗೆ ಬಂದರೆ ಒಣಗಿದ ಕೆರೆಯಂಗಳದಲ್ಲೇ ಕ್ರಿಕೆಟ್ ಆಡಿ ಬೆಳೆದವನು ನಾನು. ಕೆರೆ ಬತ್ತುತ್ತದೆ ಅನ್ನುವುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ಆದರೂ ಅಮೆರಿಕದ ಕೆರೆಯೂ ಬತ್ತೀತು ಅಂತ ತಲೆಗೆ ಹೊಳೆಯಲೇ ಇಲ್ಲ.

ಈ ವರ್ಷ ನಮ್ಮ ಕೂಟಕ್ಕೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಕಡೆಯ ಹಲವು ಮನೆಯವರು ಸೇರಿದ್ದಾರೆ. "ಮಕ್ಕಳನ್ನ ಕ್ಯಾಂಪಿಂಗ್ ಕರ್ಕೊಂಡು ಹೋಗ್ಬೇಕು, ಯಾವ ಲೇಕ್ ಚೆನ್ನಾಗಿದೆ?" ಅಂತ ಕೇಳುತ್ತಿರುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಯಾವ ಕೆರೆ ಎಂದು ಕೇಳುವ ಮುಂಚೆ ಯಾವ ತಿಂಗಳು ಎಂದು ಕೇಳಿ.

ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಲೇಕ್ ಅನ್ನಿಸಿಕೊಳ್ಳುವವುಗಳಲ್ಲಿ ಹಲವು ಕಟ್ಟಿದ ಕೆರೆಗಳೇ. ಫಾಲ್ಸಮ್, ಓರೊವಿಲ್, ಶಾಸ್ತಾ, ಬೆರ್ರಿಯೆಸ್ಸಾ ಎಲ್ಲವೂ ನದಿಗೆ ಅಡ್ಡಕಟ್ಟೆ ಹಾಕಿ ನಿಲ್ಲಿಸಿದ ನೀರು, ಗೊರವನಹಳ್ಳಿಗೆ ಹೋಗುವಾಗ ಕಾಣುವ ನಮ್ಮ ತೀತಾ ಜಲಾಶಯದ ಹಾಗೆ. ಗಾತ್ರ ಬೇರೆ, ಗುಣ ಒಂದೇ. ಲೆಕ್ಕ ಮಾತ್ರ ತಿರುಗಾಮುರುಗಾ. ನಮ್ಮೂರ ಕೆರೆಗಳು ತುಂಬಿದರೆ ತುಂಬುವುದು ಸೆಪ್ಟೆಂಬರ್, ಅಕ್ಟೋಬರಿನ ಮಳೆಗೆ. ಇಲ್ಲಿ ಮಳೆಗಾಲವೇ ಚಳಿಗಾಲ. ಡಿಸೆಂಬರಿನಿಂದ ಸಿಯೆರಾ ನೆವಾಡಾ ಬೆಟ್ಟಸಾಲಿನ ಮೇಲೆ ಬಿದ್ದ ಹಿಮ ಏಪ್ರಿಲ್, ಮೇ ತಿಂಗಳಲ್ಲಿ ಕರಗಿ ಇಳಿಯುತ್ತದೆ. ಹಾಗಾಗಿ ಮೇ ಕೊನೆ, ಜೂನ್ ಮೊದಲಿಗೆ ಕೆರೆ ತುಂಬಿರುತ್ತದೆ. ಆಮೇಲೆ ಹೊಲಕ್ಕೂ ಊರಿಗೂ ನೀರು ಬಿಟ್ಟು ಬಿಟ್ಟು, ನಮ್ಮೂರಲ್ಲಿ ಕೆರೆ ಕೋಡಿ ಬೀಳುವ ಹೊತ್ತಿಗೆ ಇಲ್ಲಿ ಅಂಗಳ ಕಾಣುತ್ತದೆ. ಫಾಲ್ಸಮ್ ಕೆರೆಯ ತಳದಲ್ಲಿ ಮಾರ್ಮನ್ ಐಲ್ಯಾಂಡ್ ಎಂಬ ಹಳೆಯ ಊರಿದೆ. ಚಿನ್ನ ಹುಡುಕಿಕೊಂಡು ಬಂದವರು ಕಟ್ಟಿಕೊಂಡದ್ದು, 1950ರ ದಶಕದಲ್ಲಿ ಅಣೆಕಟ್ಟು ಎದ್ದಾಗ ನೀರು ಆ ಜಾಗವನ್ನು ನುಂಗಿತು. 2014ರ ಬರದಲ್ಲಿ ಅದರ ತಳಪಾಯದ ಕಲ್ಲುಗಳು ಮೇಲೆ ಕಾಣಿಸಿಕೊಂಡು ಜನ ನೋಡಲು ಹೋಗಿದ್ದರು.

ರಾಜ್ಯದ ಜಲ ಇಲಾಖೆ ದೊಡ್ಡ ಜಲಾಶಯಗಳಲ್ಲಿ ಎಷ್ಟು ನೀರಿದೆ ಎಂದು ದಿನದಿನವೂ ಅಂತರ್ಜಾಲದಲ್ಲಿ ಹಾಕುತ್ತದೆ. ಹೊರಡುವ ವಾರ ಅದನ್ನೊಮ್ಮೆ ನೋಡಿ. 2020ರ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ಹೇಮಾವತಿ ನೀರು ಬರುತ್ತದೋ ಇಲ್ಲವೋ ಎಂದು ಇಡೀ ಸಿರಾ ತಾಲ್ಲೂಕು ಮಾತಾಡಿದ್ದನ್ನು ಕೇಳಿದವರಿಗೆ ಇದು ಕಷ್ಟದ ಓದೇನಲ್ಲ.

ತಾಹೋ ಸರೋವರದ ಮಾತು ಬೇರೆ. ಅದು ತಾನಾಗಿ ಆದದ್ದು, 1,645 ಅಡಿ ಆಳ, ಸೆಪ್ಟೆಂಬರಿನಲ್ಲೂ ನಿಮ್ಮನ್ನು ಬಿಟ್ಟು ಓಡುವುದಿಲ್ಲ. ಮೂರು ವರ್ಷದ ಹಿಂದೆ ಊರಿನಿಂದ ಬಂದಿದ್ದ ನಮ್ಮ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವರ ಚಿಕ್ಕಪ್ಪ ಊರಿನ ನೀರಗಂಟಿಯಾಗಿದ್ದವರು. ಎಲ್ಲರೂ ನೀಲಿ ಬಣ್ಣ ನೋಡಿ ಬಾಯಿ ಬಿಡುತ್ತಿದ್ದರೆ ಇವರು ದಡದಲ್ಲಿ ಅತ್ತಿತ್ತ ಓಡಾಡಿ, "ಇದಕ್ಕೆ ತೂಬು ಎಲ್ಲೈತಪ್ಪಾ?" ಅಂದರು. ಇಷ್ಟು ದೊಡ್ಡ ಸರೋವರಕ್ಕೆ ತೂಬೇ ಎಂದು ನಕ್ಕೆ. ಆದರೆ ಇದೆ! ತಾಹೋ ಸಿಟಿಯಲ್ಲಿ ಟ್ರಕ್ಕಿ ನದಿ ಹೊರಬೀಳುವ ಬಾಯಿಗೆ 1913ರಲ್ಲಿ ಮುಗಿದ ಪುಟ್ಟ ಅಣೆಕಟ್ಟು, ಹದಿನೇಳು ಗೇಟು. ಅಷ್ಟು ಆಳದ ನೀರಿನಲ್ಲಿ ಮೇಲಿನ ಆರು ಅಡಿ ಮಾತ್ರ ಮನುಷ್ಯನ ಕೈಯಲ್ಲಿದೆ. ಅಪ್ಪ ಸೇತುವೆಯ ಮೇಲೆ ನಿಂತು ಗೇಟುಗಳನ್ನು ಎರಡು ಸಲ ಎಣಿಸಿದರು. ಇಡೀ ಪ್ರವಾಸದಲ್ಲಿ ಅವರಿಗೆ ಬಲು ಹಿಡಿಸಿದ್ದು ಅದೊಂದೇ.

ಹಿಡಿಸದೆ ಹೋದದ್ದು ರಾತ್ರಿಯ ಚಳಿ. ತಾಹೋ ನೀರಿನ ಮಟ್ಟವೇ ಸಮುದ್ರದಿಂದ ಸುಮಾರು 6,225 ಅಡಿ ಮೇಲಿದೆ. ಮಧುಗಿರಿಯ ಏಕಶಿಲಾ ಬೆಟ್ಟದ ತುದಿ 3,930 ಅಡಿ. ಜುಲೈ ಎಂದು ತೆಳು ಹೊದಿಕೆ ತಂದವರು ನಡುರಾತ್ರಿ ಕಾರಿನೊಳಗೆ ಹೋಗಿ ಹೀಟರ್ ಹಾಕಿಕೊಂಡು ಕೂತದ್ದನ್ನು ಕಂಡಿದ್ದೇನೆ. ಉಣ್ಣೆ ಟೋಪಿ, ಕಾಲುಚೀಲ, ದಪ್ಪ ಸ್ಲೀಪಿಂಗ್ ಬ್ಯಾಗು ಬೇಕೇ ಬೇಕು.

ಜಾಗ ಆರಿಸುವಾಗ ಫೋಟೊ ಮುಚ್ಚಿಟ್ಟು ನಕ್ಷೆ ತೆರೆಯಿರಿ. ಪ್ರತಿ ಸೈಟಿಗೂ ಸಂಖ್ಯೆ ಇರುತ್ತದೆ, ನೀರಿನಿಂದ ಎಷ್ಟು ದೂರ, ಶೌಚಾಲಯದಿಂದ ಎಷ್ಟು ದೂರ ಎಂಬುದು ಅದರಲ್ಲಿ ತಿಳಿಯುತ್ತದೆ. ಮೂರು ವರ್ಷದೊಳಗಿನ ಮಗುವಿದ್ದರೆ ನೀರಿನ ಪಕ್ಕದ ಸೈಟು ಬೇಡವೇ ಬೇಡ. ನಿಮ್ಮ ಇಡೀ ರಜೆ ಅದರ ಹಿಂದೆ ಓಡುವುದರಲ್ಲೇ ಮುಗಿಯುತ್ತದೆ. ಅಜ್ಜಿ, ತಾತ ಜೊತೆಗಿದ್ದರೆ ಶೌಚಾಲಯ ಹತ್ತಿರವಿರಲಿ, ಆದರೆ ಅದರ ಬಾಗಿಲಿಗೆ ಎದುರಾಗಿ ಬೇಡ, ರಾತ್ರಿಯಿಡೀ ದೀಪ ಮತ್ತು ಬಾಗಿಲು ಬಡಿಯುವ ಸದ್ದು. ಮಧ್ಯಾಹ್ನದ ನಂತರ ದೊಡ್ಡ ಕೆರೆಗಳ ಮೇಲೆ ಗಾಳಿ ಏಳುತ್ತದೆ. ಏರಿ ಮೇಲೆ ಸೈಕಲ್ ಹೊಡೆದವರಿಗೆ ಗೊತ್ತಿರುವಂಥದ್ದೇ ಗಾಳಿ. ಮರಗಳ ಮರೆಯಿರುವ ಸೈಟು ಆರಿಸಿ, ಒಲೆ ಹಚ್ಚಲೂ ಸಲೀಸು.

ಇನ್ನು ನೀರಿಗೆ ಇಳಿಯುವ ವಿಷಯ. ನಮ್ಮ ಕೆರೆಗಳು ಅಂಗಳದಿಂದ ಇಳಿಜಾರಾಗಿ ಆಳಕ್ಕೆ ಹೋಗುತ್ತವೆ, ಮೊಣಕಾಲು, ಸೊಂಟ, ಎದೆ ಎಂದು ಅಂದಾಜು ಸಿಗುತ್ತದೆ. ಕಣಿವೆಗೆ ಅಡ್ಡ ಕಟ್ಟಿದ ಇಲ್ಲಿನ ಜಲಾಶಯಗಳಲ್ಲಿ ನಾಲ್ಕು ಹೆಜ್ಜೆಗೇ ನೆಲ ತಪ್ಪಬಹುದು. ಜೊತೆಗೆ ಹಿಮ ಕರಗಿದ ನೀರು. ಮೈಗೆ ತಾಗಿದ ಕೂಡಲೇ ಉಸಿರು ಸಿಕ್ಕಿಹಾಕಿಕೊಂಡು, ಈಜು ಬಲ್ಲವರೂ ಕೈಕಾಲು ಸೋತು ಮುಳುಗುತ್ತಾರೆ. ಬಾವಿಯಲ್ಲಿ ಈಜು ಕಲಿತ ಧೈರ್ಯವನ್ನು ದಡದಲ್ಲೇ ಬಿಡಿ. ಚಲಿಸುವ ದೋಣಿಯಲ್ಲಿ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಡಬೇಕೆಂಬುದು ಈ ರಾಜ್ಯದ ಕಾನೂನು. ನಮ್ಮ ಮನೆಯಲ್ಲಿ ದೋಣಿ ಇರಲಿ ಬಿಡಲಿ, ನೀರಿನ ಹತ್ತಿರ ಹೋಗುವ ಮಗುವಿಗೆ ಜಾಕೆಟ್ ಇದ್ದೇ ಇರಬೇಕು. ಕೆಲವು ಕೆರೆಗಳ ದಡದಲ್ಲಿ ಪುಕ್ಕಟೆಯಾಗಿ ಎರವಲು ಕೊಡುತ್ತಾರೆ.

ಬೇಸಿಗೆ ಬಲಿತ ಮೇಲೆ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ ಕಂಡರೆ ಇಳಿಯಬೇಡಿ. ಕ್ಲಿಯರ್ ಲೇಕಿಗೆ ಹೆಸರು ಕ್ಲಿಯರ್, ಆದರೆ ಈ ಪಾಚಿಗೆ ಅದು ಕುಖ್ಯಾತ. ಇದರ ವಿಷ ಕುದಿಸಿದರೂ ಹೋಗುವುದಿಲ್ಲ. ಪಾವಗಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರ್‌ವೆಲ್ಲಿನ ಫ್ಲೋರೈಡ್ ನೀರನ್ನು ಎಷ್ಟು ಕುದಿಸಿದರೂ ಫ್ಲೋರೈಡ್ ಅಲ್ಲೇ ಉಳಿಯುತ್ತದೆ ಎಂದು ಅವರು ಚಿಕ್ಕಂದಿನಿಂದ ಕೇಳಿದ್ದಾರೆ.

ಆರ್‌ವಿ ಬಾಡಿಗೆಗೆ ತೆಗೆದುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಮನೆಗೇ ಚಕ್ರ ಕಟ್ಟಿದ ಹಾಗೆ, ಅಡುಗೆಮನೆ, ಬಚ್ಚಲು, ಹಾಸಿಗೆ. ವಯಸ್ಸಾದವರಿಗೆ ನಿಜಕ್ಕೂ ಅನುಕೂಲ. ಆದರೆ ಮೊದಲು ಉದ್ದ ನೋಡಿ. ತಾಹೋ ದಡದ ಡಿ.ಎಲ್. ಬ್ಲಿಸ್ ಉದ್ಯಾನದಂಥ ಕಡೆ 18 ಅಡಿಗಿಂತ ಉದ್ದದ ಆರ್‌ವಿಗೆ ಜಾಗವೇ ಇಲ್ಲ. ಬಾಡಿಗೆಗೆ ಸಿಗುವವು ಸಾಮಾನ್ಯವಾಗಿ 25 ಅಡಿಯ ಆಸುಪಾಸು. ಎರಡನೆಯದು ಹುಕ್‌ಅಪ್, ಅಂದರೆ ಗಾಡಿಗೆ ಕರೆಂಟು, ನೀರು, ಚರಂಡಿಯ ಕೊಂಡಿ. ಅರಣ್ಯ ಇಲಾಖೆಯ ಕ್ಯಾಂಪ್‌ಗ್ರೌಂಡುಗಳಲ್ಲಿ ಹೆಚ್ಚಿನವಕ್ಕೆ ಇದ್ಯಾವುದೂ ಇರುವುದಿಲ್ಲ. ರಾಜ್ಯ ಉದ್ಯಾನಗಳಲ್ಲಿ ಜನರೇಟರಿಗೆ ಬೆಳಿಗ್ಗೆ 10ರಿಂದ ರಾತ್ರಿ 8ರ ತನಕ ಮಾತ್ರ ಅವಕಾಶ. ಎಂಟಕ್ಕೆ ಕರೆಂಟು ಹೋಗುತ್ತದೆ ಎಂದುಕೊಂಡರೆ ಊರಿನ ನೆನಪೂ ಆದೀತು. 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರುವ ಪಾವಗಡದ ಗೆಳೆಯರೊಬ್ಬರು ಗಾಡಿಯ ಮೇಲೆ ಪುಟ್ಟ ಸೋಲಾರ್ ಹಲಗೆ ಹಾಕಿಸಿಕೊಂಡು ಜನರೇಟರನ್ನೇ ಮುಟ್ಟುವುದಿಲ್ಲ.

ಯಾರೂ ಮುಂಚೆ ಹೇಳದ ಮಾತೊಂದಿದೆ. ಕೊಳೆನೀರಿನ ಟ್ಯಾಂಕು ಖಾಲಿ ಮಾಡುವ ಕೆಲಸ ನಿಮ್ಮದೇ. ಡಂಪ್ ಸ್ಟೇಷನ್ ಎಲ್ಲಿದೆ ಎಂದು ಹೊರಡುವ ಮುಂಚೆ ಗುರುತು ಹಾಕಿಕೊಳ್ಳಿ, ಕೈಗವಸು ಒಯ್ಯಿರಿ. ಮೊದಲು ಶೌಚದ ಟ್ಯಾಂಕು, ಆಮೇಲೆ ಪಾತ್ರೆ, ಸ್ನಾನದ ನೀರು. ಆಗ ಎರಡನೆಯ ನೀರೇ ಪೈಪನ್ನು ತೊಳೆದುಬಿಡುತ್ತದೆ.

ಅಡುಗೆಯ ವಿಚಾರದಲ್ಲಿ ನಾವು ಬಡವರಲ್ಲ. ಮುದ್ದೆ, ಹುರುಳಿಕಾಳು ಸಾರು, ಹುಚ್ಚೆಳ್ಳು ಚಟ್ನಿಪುಡಿ ಎಲ್ಲವೂ ಕ್ಯಾಂಪಿಗೆ ಹೇಳಿ ಮಾಡಿಸಿದವು. ತೊಂದರೆ ಏನೆಂದರೆ ಬೆಳ್ಳುಳ್ಳಿ ಒಗ್ಗರಣೆ ಕರಡಿಗೂ ಇಷ್ಟ. ತಾಹೋ ಸುತ್ತ ಹೆಚ್ಚಿನ ಸೈಟುಗಳಲ್ಲಿ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ. ತಿಂಡಿಯ ಜೊತೆ ಟೂತ್‌ಪೇಸ್ಟು, ಸೋಪು, ತಲೆಗೆ ಹಚ್ಚುವ ಎಣ್ಣೆ, ಮಗುವಿನ ಬಾಯೊರೆಸಿದ ಬಟ್ಟೆ ಕೂಡ ಅದರೊಳಗೇ ಹೋಗಬೇಕು. ಕಾರಿನ ಸೀಟಿನಡಿ ಮರೆತ ಒಂದು ಚಕ್ಕುಲಿ ಪೊಟ್ಟಣಕ್ಕೆ ಕರಡಿ ಕಾರಿನ ಬಾಗಿಲನ್ನೇ ಕಿತ್ತೀತು. ಸಿದ್ದರಬೆಟ್ಟದ ತಪ್ಪಲಿನವರಿಗೂ ಕರಡಿ ಹೊಸದಲ್ಲ, ಆದರೆ ನಮ್ಮ ಕರಡಿಗಳಿಗೆ ಕಾರಿನ ಬಾಗಿಲು ತೆಗೆಯುವ ವಿದ್ಯೆ ಇನ್ನೂ ಬಂದಿಲ್ಲ.

ರಾಜ್ಯ ಉದ್ಯಾನಗಳಲ್ಲಿ ಒಂದು ಸೈಟಿಗೆ ಎಂಟೇ ಜನ. ಮೂರು ಸಂಸಾರ ಒಂದರಲ್ಲೇ ತುರುಕಿಕೊಳ್ಳುವ ಯೋಚನೆ ಬೇಡ, ರೇಂಜರ್ ಬಂದು ಎಣಿಸುತ್ತಾರೆ. ಅಂತ್ಯಾಕ್ಷರಿ ರಾತ್ರಿ ಹತ್ತಕ್ಕೆ ನಿಲ್ಲಬೇಕು. ಸೌದೆಯನ್ನು ಮನೆಯಿಂದ ಹೊತ್ತುಕೊಂಡು ಹೋಗಬೇಡಿ, ಮರ ಕೊಲ್ಲುವ ಹುಳು ಅದರ ಜೊತೆ ಪ್ರಯಾಣ ಮಾಡುತ್ತದೆ. ಅಲ್ಲೇ ಕೊಳ್ಳಿ. ಬೆಂಕಿ ಹಚ್ಚುವುದಕ್ಕೇ ನಿಷೇಧವಿರುವ ದಿನಗಳೂ ಉಂಟು, ಗೇಟಿನಲ್ಲಿ ಕೇಳಿ.

ತಿಂಗಳಿನ ಮಾತಿಗೇ ಬರುತ್ತೇನೆ. ಕಟ್ಟಿದ ಕೆರೆಗಳಿಗೆ ಮೇ, ಜೂನ್ ಒಳ್ಳೆಯದು. ಜುಲೈ ಬಂದರೆ ಆ ಕೆರೆಗಳಿರುವ ತಗ್ಗು ಗುಡ್ಡಗಳಲ್ಲಿ ಪಾವಗಡದ ಏಪ್ರಿಲ್ ಬಿಸಿಲು, ಆಗ ತಾಹೋ ಹತ್ತಿ. ರಾಜ್ಯ ಉದ್ಯಾನಗಳ ಬುಕಿಂಗ್ ಸಾಮಾನ್ಯವಾಗಿ ಆರು ತಿಂಗಳ ಮುಂಚೆ, ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಕೇಂದ್ರ ಸರ್ಕಾರದ ಹಲವು ಕ್ಯಾಂಪ್‌ಗ್ರೌಂಡುಗಳದ್ದೂ ಆರು ತಿಂಗಳೇ, ಆದರೆ ಏಳಕ್ಕೆ. ಒಳ್ಳೆಯ ಸೈಟು ಹತ್ತು ನಿಮಿಷ ಉಳಿದರೆ ಹೆಚ್ಚು. ಜೂನ್ ಮೊದಲ ಶನಿವಾರ ನೀರಿನ ಪಕ್ಕ ಇರಬೇಕೆಂದರೆ ಡಿಸೆಂಬರಿನ ಅದೇ ತಾರೀಖಿನಂದು, ಕಾಫಿ ಕಾಯಿಸುವ ಮೊದಲೇ, ಲಾಗಿನ್ ಆಗಿ ಸೈಟ್ ನಂಬರು ಬರೆದಿಟ್ಟುಕೊಂಡು ಕೂತಿರಿ.