ಪಾರ್ಕಿನಲ್ಲಿ ಹಕ್ಕಿ ನೋಡುವ ಬಗೆ

ಹಕ್ಕಿ ನೋಡುವುದಕ್ಕೆ ಕಾಡಿಗೆ ಹೋಗಬೇಕು, ಕೊರಳಲ್ಲಿ ಬೆಲೆಬಾಳುವ ದುರ್ಬೀನು ತೂಗುತ್ತಿರಬೇಕು, ಜೊತೆಗೆ ದಾರಿ ತೋರಿಸುವ ಪರಿಣತನೊಬ್ಬನಿರಬೇಕು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಈ ಮೂರೂ ಇಲ್ಲದೆ, ಹಾಸನದಂತಹ ಊರಿನ ಪಾರ್ಕೊಂದರಲ್ಲಿ ಒಬ್ಬನೇ ತಿರುಗಿ ಹಕ್ಕಿಗಳ ಪರಿಚಯ ಮಾಡಿಕೊಳ್ಳಬಹುದು ಎಂದರೆ ನಗುವವರೇ ಹೆಚ್ಚು. ಎರಡು ವರ್ಷದ ಹಿಂದೆ ನಾನೂ ನಗುತ್ತಿದ್ದವನೇ. ನನ್ನ ನಗುವಿಗೆ ಇನ್ನೊಂದು ಕಾರಣವೂ ಇತ್ತು. ನಾನು ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳದವನು. ಘಟ್ಟದ ಸೆರಗಿನ ಊರು. ಒಂದು ಕಡೆ ಕಾಫಿ, ಏಲಕ್ಕಿ, ಇನ್ನೊಂದು ಕಡೆ ಕಾಡು. ಮಳೆಗಾಲದ ನಸುಕಿನಲ್ಲಿ ಹಳ್ಳದ ಬದಿಯಿಂದ ಸಿಳ್ಳಾರ ಹಾಕುವ ಸಿಳ್ಳೆಗೆ ನಮಗೆ ಎಚ್ಚರವಾಗುವುದು. ಹಕ್ಕಿಗಳ ಗದ್ದಲದಲ್ಲಿಯೇ ಹುಟ್ಟಿ ಬೆಳೆದವನಿಗೆ ಪಾರ್ಕಿನ ಹಕ್ಕಿ ಏನು ಮಹಾ ಎಂಬ ಜಂಬ. ಆ ಜಂಬ ಹೇಗೆ ಇಳಿಯಿತು, ಇಳಿದ ಮೇಲೆ ಕಲಿತದ್ದೇನು ಎಂಬುದನ್ನು, ಸಹಪಾಠಿಗಳಲ್ಲಿ ಕೆಲವರಿಗಾದರೂ ಉಪಯೋಗವಾದೀತೆಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದಿನ ಜನವರಿಯ ಮಾತು. ಆಗ ನಾನು ಮೊದಲನೆಯ ವರ್ಷದ ಬಿ.ಎ. ತರಗತಿಯಲ್ಲಿದ್ದೆ. ಹಾಸ್ಟೆಲಿನ ಗಲಾಟೆಯಲ್ಲಿ ಓದು ಸಾಗದೆ ಒಂದು ಬೆಳಿಗ್ಗೆ ಪುಸ್ತಕ ಹಿಡಿದು ಮಹಾರಾಜ ಪಾರ್ಕಿಗೆ ಹೋದೆ. ಬೆಂಚಿನ ಮೇಲೆ ಕುಳಿತು ಪುಟ ತೆರೆಯುವಷ್ಟರಲ್ಲಿ ಮೇಲಿನ ಮರದಿಂದ “ಕುಟ್ರೂ, ಕುಟ್ರೂ, ಕುಟ್ರೂ” ಎಂಬ ಕೂಗು ಕೇಳಿಬಂತು. ಕಾಫಿ ತೋಟದಲ್ಲಿ ಹಗಲೆಲ್ಲ ಕೇಳುವ ಕೂಗು ಅದು. ಊರಿನ ನೆನಪಾಗಿ ತಲೆಯೆತ್ತಿ ನೋಡಿದೆ, ಹಕ್ಕಿ ಕಾಣಲಿಲ್ಲ. ಆಗ ಹೊಳೆದ ಸಂಗತಿ ನನ್ನನ್ನು ನಾಚಿಸಿತು. ಹದಿನೆಂಟು ವರ್ಷ ಆ ಕೂಗನ್ನು ಕೇಳಿದ್ದೇನೆ. ಕೂಗುವ ಹಕ್ಕಿಯ ಬಣ್ಣ ಯಾವುದೆಂದು ನನಗೆ ಗೊತ್ತಿಲ್ಲ!

ಅದನ್ನು ಕಂಡೇ ತೀರಬೇಕೆಂಬ ಹಟ ಹತ್ತಿತು. ಎಂಟು ದಿನ ಬೆಳಿಗ್ಗೆ ಬೆಳಿಗ್ಗೆ ಹೋಗಿ ಅದೇ ಮರದ ಕೆಳಗೆ ಕತ್ತು ನೋಯುವವರೆಗೆ ನಿಂತು ಬರಿಗೈಯಲ್ಲಿ ಬಂದೆ. ಒಂಬತ್ತನೆಯ ದಿನ, ನಿತ್ಯವೂ ಅಲ್ಲಿ ವಾಯುಸೇವನೆಗೆ ಬರುತ್ತಿದ್ದ ವೃದ್ಧರೊಬ್ಬರು, “ಏನಪ್ಪ, ದಿನಾ ಮರ ನೋಡ್ತಾ ನಿಂತಿರ್ತೀಯಲ್ಲ, ಏನು ಕಳೆದುಕೊಂಡಿದ್ದೀಯ?” ಎಂದು ವಿಚಾರಿಸಿದರು. ವಿಷಯ ತಿಳಿಸಿದೆ. ಅವರೂ ಕನ್ನಡಕ ಸರಿಮಾಡಿಕೊಂಡು ಕತ್ತೆತ್ತಿದರು. ಕೊಂಬೆಯ ತುದಿಯಲ್ಲಿ ಎಲೆಯೊಂದು ಅಲುಗಿತು. ಎಲೆ ಎಂದುಕೊಂಡಿದ್ದೆವು, ಅದೇ ಹಕ್ಕಿ. ಗೊರವಂಕದಷ್ಟು ಗಾತ್ರ, ಎಲೆಯಷ್ಟೇ ಹಸುರಾದ ಮೈ, ಕಂದು ತಲೆ, ಕಣ್ಣಿನ ಮೇಲೆ ಕೆಳಗೆ ಬಿಳಿಯ ಪಟ್ಟೆ, ದಪ್ಪನೆಯ ಕೊಕ್ಕು, ಕೊಕ್ಕಿನ ಬುಡದಲ್ಲಿ ಮೀಸೆಯಂತಹ ಕೂದಲು. ಇದೇ ಕುಟ್ರುಹಕ್ಕಿ. ಪಶ್ಚಿಮ ಘಟ್ಟ ಮತ್ತು ಅದರ ಆಸುಪಾಸಿನ ದಕ್ಷಿಣದ ಗುಡ್ಡನಾಡುಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲದ ಹಕ್ಕಿ ಇದೆಂಬುದು ಆಮೇಲೆ ಪುಸ್ತಕದಿಂದ ತಿಳಿಯಿತು. ನಮ್ಮ ಮನೆಯ ಹಿತ್ತಲಿನ ಹಕ್ಕಿಯನ್ನು ನಾನು ಹಾಸನದ ಪಾರ್ಕಿನಲ್ಲಿ ಮೊದಲ ಬಾರಿಗೆ ಕಂಡೆ.

ಇನ್ನು ನೋಡುವ ಬಗೆಗೆ ಬರೋಣ. ಇದರಲ್ಲಿ ಗುಟ್ಟೇನೂ ಇಲ್ಲ. ಕೆಲವು ಕ್ರಮಗಳಿವೆ, ಅಷ್ಟೆ.

ಮೊದಲನೆಯದು ಹೊತ್ತು. ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ ಅತ್ಯುತ್ತಮ. ರಾತ್ರಿಯ ಹಸಿವಿನಿಂದ ಎದ್ದ ಹಕ್ಕಿಗಳು ಆಗ ಚುರುಕಾಗಿ ಮೇಯುತ್ತವೆ, ಹೆಚ್ಚಾಗಿ ಕೂಗುತ್ತವೆ. ಮಧ್ಯಾಹ್ನ ಅವೂ ನೆರಳು ಸೇರುತ್ತವೆ. ಸಂಜೆ ಮತ್ತೆ ಒಂದಷ್ಟು ಚಟುವಟಿಕೆಯುಂಟು.

ಎರಡನೆಯದು ನಡಿಗೆ. ವ್ಯಾಯಾಮಕ್ಕೆ ನಡೆಯುವವನಿಗೆ ಹಕ್ಕಿ ಕಾಣುವುದಿಲ್ಲ. ಹತ್ತು ಹೆಜ್ಜೆ ಹಾಕಿ ಎರಡು ನಿಮಿಷ ನಿಲ್ಲಬೇಕು. ಕಣ್ಣನ್ನು ಒಂದೇ ಹಕ್ಕಿಯ ಮೇಲೆ ನೆಡುವುದಕ್ಕಿಂತ ಮರವನ್ನು ಇಡಿಯಾಗಿ ನೋಡುತ್ತಿದ್ದರೆ ಅಲುಗಾಟ ತಾನಾಗಿ ಗಮನಕ್ಕೆ ಬರುತ್ತದೆ. ಹಣ್ಣು ಬಿಟ್ಟ ಆಲವೊ ಅತ್ತಿಯೊ ಇದ್ದರೆ ನಡೆಯುವುದೇ ಬೇಡ. ಅದರಡಿ ಅರ್ಧ ಗಂಟೆ ಕುಳಿತರೆ ಕುಟ್ರು, ಪಿಕಳಾರ, ಗೊರವಂಕ, ಕೋಗಿಲೆ ಒಂದಾದ ಮೇಲೊಂದು ಬರುತ್ತವೆ. ಉಡುಪು ಮಣ್ಣಿನ ಅಥವಾ ಎಲೆಯ ಬಣ್ಣದ್ದಾದರೆ ಒಳ್ಳೆಯದು.

ಮೂರನೆಯದು ಗುರುತಿಸುವಿಕೆ. ಹೊಸಬರು ಬಣ್ಣವನ್ನೇ ನೆಚ್ಚಿ ಮೋಸಹೋಗುತ್ತಾರೆ. ಬೆಳಕು ಹಿಂದಿನಿಂದ ಬಂದರೆ ಎಲ್ಲ ಹಕ್ಕಿಯೂ ಕಪ್ಪೇ. ಸಲೀಂ ಅಲಿಯವರು ೧೯೪೧ರಲ್ಲಿ ಪ್ರಕಟಿಸಿದ ಭಾರತದ ಹಕ್ಕಿಗಳ ಪುಸ್ತಕದಲ್ಲಿ ಗಾತ್ರವನ್ನು ಗುಬ್ಬಿ, ಪಿಕಳಾರ, ಗೊರವಂಕ, ಪಾರಿವಾಳ, ಕಾಗೆ, ಹದ್ದು ಮುಂತಾಗಿ ಎಲ್ಲರಿಗೂ ಗೊತ್ತಿರುವ ಹಕ್ಕಿಗಳ ಹೋಲಿಕೆಯಿಂದ ತಿಳಿಸಿದ್ದಾರೆ. ಈ ಅಳತೆಗೋಲು ಬಹಳ ಅನುಕೂಲ. ಗಾತ್ರವಾದ ಮೇಲೆ ಕೊಕ್ಕು. ಬೀಜ ಒಡೆಯುವುದಕ್ಕೆ ಮೊಂಡು ಕೊಕ್ಕು, ಹೂವಿನ ಮಕರಂದ ಹೀರುವ ಸೂರಕ್ಕಿಗೆ ಬಾಗಿದ ಸಪೂರ ಕೊಕ್ಕು, ಮೀನು ಹಿಡಿಯುವ ಮಿಂಚುಳ್ಳಿಗೆ ನೀಳವಾದ ಚೂಪು ಕೊಕ್ಕು. ಕೊಕ್ಕು ನೋಡಿದರೆ ಊಟ ಗೊತ್ತಾಗುತ್ತದೆ. ಆಮೇಲೆ ಬಾಲ, ಹಾರುವ ರೀತಿ, ಕೂರುವ ಠೀವಿ. ಮಡಿವಾಳ ಹಕ್ಕಿ ಬಾಲ ನಿಗುರಿಸಿ ನಿಲ್ಲುವುದನ್ನು ಒಮ್ಮೆ ಕಂಡವರು ಬಣ್ಣ ಕಾಣದಿದ್ದರೂ ಅದನ್ನು ಹೇಳಬಲ್ಲರು. ಗಂಡು ಹೆಣ್ಣುಗಳ ಭೇದವನ್ನೂ ನೆನಪಿಡಬೇಕು. ಕೋಗಿಲೆಯ ಗಂಡು ಮಾತ್ರ ಕಪ್ಪು. ಹೆಣ್ಣಿಗೆ ಕಂದು ಮೈಮೇಲೆ ಬಿಳಿಯ ಚುಕ್ಕೆ. ಇದನ್ನರಿಯದೆ ನಾನು ಎರಡು ತಿಂಗಳು ಹೆಣ್ಣು ಕೋಗಿಲೆಯನ್ನು ಬೇರೊಂದು ಜಾತಿಯೆಂದೇ ಬರೆದಿದ್ದೆ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ನೋಟ್‌ಬುಕ್ಕು. ದಿನ, ಹೊತ್ತು, ಸ್ಥಳ, ಮೋಡವೊ ಬಿಸಿಲೊ, ಯಾವ ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು, ಇಷ್ಟನ್ನು ಅಲ್ಲಿಯೇ ಬರೆಯಬೇಕು. ಹೆಸರು ತಿಳಿಯದಿದ್ದರೆ ಸೊಟ್ಟಪಟ್ಟ ಚಿತ್ರ ಬರೆದರೂ ಸಾಕು. ಪುಸ್ತಕವನ್ನು ಆಮೇಲೆ ತೆರೆಯಬೇಕು. ಮೊದಲೇ ತೆರೆದರೆ ಚಿತ್ರದಲ್ಲಿರುವುದನ್ನೆಲ್ಲ ಹಕ್ಕಿಯ ಮೈಮೇಲೆ ಕಂಡಂತಾಗುತ್ತದೆ. ಧ್ವನಿ ಕೇಳಿ ಹೆಸರು ಹೇಳುವ ಮರ್ಲಿನ್‌ನಂತಹ ಸಾಧನ ಈಗ ಫೋನಿನಲ್ಲಿಯೇ ಬಂದಿದೆ. ಅದಕ್ಕೂ ಇದೇ ಮಾತು: ನಾವು ನೋಡಿದ ಮೇಲೆ ಅದನ್ನು ಕೇಳಬೇಕು.

ಕೊನೆಯದು ಮರ್ಯಾದೆ. ಗೂಡಿನ ಹತ್ತಿರ ಸುಳಿಯಬಾರದು. ನಮ್ಮನ್ನು ಕಂಡು ತಾಯಿ ಹಾರಿದರೆ ಕಾಗೆಗೆ ದಾರಿ ತೋರಿಸಿದಂತಾಗುತ್ತದೆ. ಹಕ್ಕಿಯನ್ನು ಕರೆಯುವುದಕ್ಕೆಂದು ಫೋನಿನಲ್ಲಿ ಅದರ ಕೂಗನ್ನು ಹಾಕಬಾರದು. ತನ್ನ ಜಾಗಕ್ಕೆ ವೈರಿ ಬಂದನೆಂದು ಅದು ಮೇವು ಬಿಟ್ಟು ಕಾದಾಟಕ್ಕೆ ಬರುತ್ತದೆ.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದರಿಂದ ಏನು ಲಾಭವೆಂದು ಕೇಳಬಹುದು. ಕಾಲ ಕಾಣುತ್ತದೆ ಎಂಬುದೇ ಉತ್ತರ. ಸೆಪ್ಟೆಂಬರಿನ ವೇಳೆಗೆ ಬಾಲ ಕುಣಿಸುತ್ತ ನೀರಿನ ಬದಿಯಲ್ಲಿ ಓಡಾಡುವ, ಹಳದಿ ಹೊಟ್ಟೆಯ ಬೂದು ಕುಂಡೆಕುಸ್ಕ ಹಿಮಾಲಯದ ಕಡೆಯಿಂದ ಬರುತ್ತದೆ. ಗುಬ್ಬಿಗಿಂತ ಚಿಕ್ಕದಾದ ಎಲೆಹಸುರಿನ ಉಲಿಯಕ್ಕಿಯೂ ಹಾಗೆಯೇ. ಅಂಗೈಯಲ್ಲಿ ಮುಚ್ಚಿಡಬಹುದಾದ ಆ ಜೀವ ಅಷ್ಟು ದೂರದಿಂದ ಬಂದು ಚಳಿಗಾಲವನ್ನು ನಮ್ಮ ಮರಗಳಲ್ಲಿ ಕಳೆದು ಬೇಸಗೆಗೆ ಹಿಂದಿರುಗುತ್ತದೆ. ಚಳಿಗಾಲವೆಲ್ಲ ಮೂಗನಂತಿದ್ದ ಕೋಗಿಲೆ ಮಾರ್ಚಿಗೆ ಬಾಯಿ ಬಿಡುತ್ತದೆ. ಇವನ್ನೆಲ್ಲ ಒಂದು ದಿನದ ಪ್ರವಾಸದಲ್ಲಿ ಕಾಣಲಾಗದು.

ಈ ಹವ್ಯಾಸ ನಮ್ಮ ನಾಡಿಗೆ ಹೊಸದೇನಲ್ಲ. ಸಲೀಂ ಅಲಿಯವರು ೧೯೩೯-೪೦ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಬೆಂಗಳೂರಿನಲ್ಲಿ ೧೯೭೨ರಲ್ಲಿ ಡಾ. ಜೋಸೆಫ್ ಜಾರ್ಜ್ ಅವರು ಪಕ್ಷಿವೀಕ್ಷಕರ ಸಂಘವನ್ನು ಆರಂಭಿಸಿದರು; ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರಿ ಹಕ್ಕಿ ನೋಡುವ ಪದ್ಧತಿಯನ್ನು ಆ ಸಂಘ ಬೆಳೆಸಿತು. ನಮ್ಮ ನೆರೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬಗ್ಗೆ ಕನ್ನಡದಲ್ಲಿಯೇ ಪುಸ್ತಕಗಳನ್ನು ಬರೆದು, ಇಂಗ್ಲಿಷ್ ಬಾರದವರಿಗೂ ಈ ವಿದ್ಯೆಯ ಬಾಗಿಲು ತೆರೆದರು.

ಇದು ಬರಿಯ ಕಾಲಕ್ಷೇಪವೂ ಅಲ್ಲ. ೨೦೨೩ರಲ್ಲಿ ಹೊರಬಂದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಗೆ ಆಧಾರವಾದದ್ದು ೩೦,೦೦೦ಕ್ಕೂ ಹೆಚ್ಚು ಹವ್ಯಾಸಿಗಳು ಬರೆದಿಟ್ಟ ಮೂರು ಕೋಟಿಗೂ ಮೀರಿದ ದಾಖಲೆಗಳು. ದೀರ್ಘಕಾಲದ ಏರಿಳಿತವನ್ನು ಲೆಕ್ಕಹಾಕಲು ಸಾಧ್ಯವಾದ ೩೩೮ ಜಾತಿಗಳಲ್ಲಿ ನೂರಕ್ಕೆ ಅರವತ್ತರಷ್ಟು ಇಳಿಮುಖವಾಗಿವೆಯೆಂದು ಅದರಿಂದ ತಿಳಿಯಿತು. ನಮ್ಮ ರಾಜ್ಯಪಕ್ಷಿಯಾದ ನೀಲಕಂಠವೂ ಇಳಿಯುತ್ತಿರುವ ಹಕ್ಕಿಗಳಲ್ಲಿ ಒಂದು. ಪಾರ್ಕಿನ ಬೆಂಚಿನ ಮೇಲೆ ಕುಳಿತು “ಗೊರವಂಕ ಆರು, ಪಿಕಳಾರ ಎರಡು” ಎಂದು ಬರೆಯುವುದಕ್ಕೆ ಇಷ್ಟು ಬೆಲೆಯುಂಟು.

ಇನ್ನೊಂದು ಸಂಗತಿಯನ್ನು ಹೇಳದೆ ಈ ಲೇಖನ ಮುಗಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ.

ಆ ವರ್ಷದ ಬೇಸಗೆ ರಜೆಯಲ್ಲಿ ನೋಟ್‌ಬುಕ್ಕು ಹಿಡಿದು ಊರಿಗೆ ಹೋದೆ. ನನ್ನ ತಂದೆ ಅಕ್ಷರ ಕಲಿತವರಲ್ಲ. ತೋಟಗಳಲ್ಲಿ ಮರಗಸಿಯ ಕೆಲಸ ಅವರದು. ಮಳೆಗೆ ಮೊದಲು ನೆರಳಿನ ಮರಗಳನ್ನು ಹತ್ತಿ ಕೊಂಬೆ ಸವರಿ ಕಾಫಿ ಗಿಡಕ್ಕೆ ಬೆಳಕು ಬಿಡುವ ಕೆಲಸ. ಹಾಸ್ಟೆಲಿನಲ್ಲಿ ಯಾರಾದರೂ ತಂದೆಯವರ ಕೆಲಸವೇನೆಂದು ಕೇಳಿದರೆ ನಾನು “ಕಾಫಿ” ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ. ಒಂದು ಬೆಳಿಗ್ಗೆ ಅವರಿಗೆ ತಿಂಡಿ ತೆಗೆದುಕೊಂಡು ತೋಟಕ್ಕೆ ಹೋಗಿದ್ದಾಗ ಮರದ ಮೇಲಿನಿಂದ ಗಿಡುಗನ ಕೂಗು ಕೇಳಿತು. ಕೂಡಲೆ ನೋಟ್‌ಬುಕ್ಕು ತೆಗೆದು “ಗಿಡುಗ, ಒಂದು” ಎಂದು ಬರೆದೆ. ಅಪ್ಪ ಕೊಂಬೆಯ ಮೇಲಿಂದಲೇ, “ಏನೋ ಮಗಾ, ಏನು ಬರೆದೆ?” ಎಂದರು. ಹೇಳಿದೆ. ಅವರಿಗೆ ನಗು ಬಂತು. “ಅದು ಗಿಡುಗ ಅಲ್ಲ ಕಣೋ, ಕಾಜಾಣ. ಎಲ್ಲರ ದನೀನೂ ಕದೀತದೆ ಅದು. ಸ್ವಲ್ಪ ತಡಿ, ಈಗ ಬೇರೆ ಕೂಗ್ತದೆ ನೋಡು.” ಹಾಗೆಯೇ ಆಯಿತು. ಬಾಲದಿಂದ ಎರಡು ದಾರ ಇಳಿಬಿಟ್ಟು ತುದಿಗೆ ಗರಿ ಕಟ್ಟಿದಂತಿದ್ದ ಕರಿಯ ಹಕ್ಕಿಯೊಂದು ಎದುರಿನ ಕೊಂಬೆಗೆ ಬಂದು ಕೂತು, ಗಿಡುಗನ ಕೂಗು ಬಿಟ್ಟು ಇನ್ನಾವುದೋ ಹಕ್ಕಿಯ ಕೂಗು ತೆಗೆಯಿತು. ನಾನು ಬರೆದದ್ದನ್ನು ಹೊಡೆದುಹಾಕಿದೆ.

ಮುಂದಿನದು ಹಾಲುವಾಣದ ಮರ. ಅದರ ಒಣಗಿದ ಕೊಂಬೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಸವರಿ ಅಪ್ಪ ಇಳಿದರು. ಒಣಗಿದ್ದನ್ನೇ ಏಕೆ ಬಿಟ್ಟಿರೆಂದು ಕೇಳಿದೆ. ಅವರು ಮಾತಾಡದೆ ಕತ್ತಿಯ ಮೊನೆಯಿಂದ ತೋರಿಸಿದರು. ಕೊಂಬೆಯ ಅಡಿಭಾಗದಲ್ಲಿ ರೂಪಾಯಿಯಷ್ಟಗಲದ ದುಂಡನೆಯ ತೂತು. ನಾವು ದೂರ ಸರಿದು ನಿಂತೆವು. ಸ್ವಲ್ಪ ಹೊತ್ತಿಗೆ ಹಣ್ಣು ಕಚ್ಚಿಕೊಂಡು ಬಂದ ಕುಟ್ರುಹಕ್ಕಿ ತೂತಿನೊಳಗೆ ತಲೆಯಿಟ್ಟಿತು. ಒಳಗಿನಿಂದ ಮರಿಗಳ ಸದ್ದು.

“ಮೇಸ್ತ್ರಿ ಕೇಳಿದರೆ?” ಎಂದೆ.

“ನಾಡಿದ್ದು ಕಡೀತೀನಿ ಅಂತೀನಿ.”

“ನಾಡಿದ್ದು ಕೇಳಿದರೆ?”

“ಆವಾಗ್ಲೂ ನಾಡಿದ್ದು ಅಂತೀನಿ. ಮರಿ ಹಾರೋವರೆಗೆ ಎಷ್ಟು ನಾಡಿದ್ದು ಬೇಕೋ ಅಷ್ಟು” ಎಂದು ಅಪ್ಪ ತಿಂಡಿಯ ಗಂಟು ಬಿಚ್ಚಿದರು.

ನಾನು ಒಂಬತ್ತು ದಿನ ಕತ್ತು ನೋಯಿಸಿಕೊಂಡು ಕಂಡ ಹಕ್ಕಿಯ ಬಣ್ಣ, ಊಟ, ಮನೆ, ಮಕ್ಕಳು ಎಲ್ಲವೂ ಅವರಿಗೆ ಗೊತ್ತಿತ್ತು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಪಾರ್ಕಿನಲ್ಲಿ ನೋಡುವುದನ್ನು ಕಲಿಯದೇ ಹೋಗಿದ್ದರೆ ಕೇಳಬೇಕೆಂದು ನನಗೆ ತೋಚುತ್ತಲೂ ಇರಲಿಲ್ಲ. ಅಂದಿನಿಂದ ನನ್ನ ನೋಟ್‌ಬುಕ್ಕಿನ ಪುಟಕ್ಕೆ ಎರಡು ಕಂಬ. ಎಡಗಡೆ ಪುಸ್ತಕದ ಹೆಸರು, ನಾನು ಕಂಡದ್ದು. ಬಲಗಡೆ ಅಪ್ಪ ಹೇಳಿದ್ದು. ರಜೆಗೆ ಹೋದಾಗಲೆಲ್ಲ ಬಲಗಡೆಯ ಖಾಲಿ ಜಾಗಗಳನ್ನು ತುಂಬಿಸಿಕೊಂಡು ಬರುತ್ತೇನೆ. ತಂದೆಯವರ ಕೆಲಸವೇನೆಂದು ಈಗ ಯಾರಾದರೂ ಕೇಳಿದರೆ ಮರಗಸಿ ಎಂದು ಹೇಳಿ, ಅದೇನೆಂಬುದನ್ನೂ ವಿವರಿಸುತ್ತೇನೆ.

ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಪ್ರಪಂಚದಾದ್ಯಂತ ಜನ ತಾವಿದ್ದಲ್ಲಿಯೇ ಹಕ್ಕಿಗಳನ್ನು ಎಣಿಸುತ್ತಾರೆ. ನಮ್ಮ ದೇಶದ ಕಾಲೇಜುಗಳೂ ತಮ್ಮ ಆವರಣದಲ್ಲಿ ಎಣಿಕೆ ನಡೆಸಿ ಅದರಲ್ಲಿ ಸೇರುತ್ತವೆ. ಒಮ್ಮೆಗೆ ಹದಿನೈದು ನಿಮಿಷ ನೋಡಿದರೂ ಸಾಕು. ಮುಂದಿನ ಫೆಬ್ರವರಿಯ ಹೊತ್ತಿಗೆ ನಾನು ಈ ಕಾಲೇಜಿನಲ್ಲಿರುವುದಿಲ್ಲ. ಕಿರಿಯ ಮಿತ್ರರು ಯಾರಾದರೂ ಕಾಲೇಜಿನ ಮರಗಳಡಿ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಹಿಡಿದು ನಿಲ್ಲಬೇಕೆಂದು ನನ್ನ ಪ್ರಾರ್ಥನೆ. ಅವರು ರಜೆಗೆ ಊರಿಗೆ ಹೋದಾಗ ಆ ನೋಟ್‌ಬುಕ್ಕನ್ನು ಮನೆಯ ಹಿರಿಯರ ಮುಂದೆ ಒಮ್ಮೆ ಓದಿಯೂ ನೋಡಲಿ.