ಜೀವಂತ ಉಯಿಲು: ಪರೀಕ್ಷಾ ಟಿಪ್ಪಣಿ

ಗುಣವಾಗುವ ಭರವಸೆಯಿಲ್ಲದ ಕಾಯಿಲೆಯಲ್ಲಿ ಬರೀ ಉಸಿರು ಹಿಡಿದಿಡುವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರವಿದು. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು, 'ಕಾಮನ್ ಕಾಸ್' ಪ್ರಕರಣದಲ್ಲಿ, ಸಂವಿಧಾನದ 21ನೇ ವಿಧಿಯಡಿ ಇದನ್ನು ಒಪ್ಪಿತು. ಆಗಿನ ವಿಧಾನ ತೀರಾ ತೊಡಕಿನದು. ಪತ್ರಕ್ಕೆ ಮ್ಯಾಜಿಸ್ಟ್ರೇಟರ ರುಜುವೂ ಬೇಕಿತ್ತು. 2023ರಲ್ಲಿ ಕೋರ್ಟೇ ಮಾಡಿದ ತಿದ್ದುಪಡಿಯ ನಂತರ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಹಿರಿಯರಿಗೆ ಇದು ನಿಜವಾದ ಅನುಕೂಲ.

ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಈ ತೀರ್ಪಿನ ಜಾರಿಗೆ ಆದೇಶ ಹೊರಡಿಸಿತು. ಚಿಕಿತ್ಸೆ ನಿಲ್ಲಿಸುವ ಬಗ್ಗೆ ನಿರ್ಧರಿಸಲು ಆಸ್ಪತ್ರೆಯಲ್ಲಿ ಎರಡು ವೈದ್ಯ ಮಂಡಳಿಗಳು, ತಲಾ ಮೂವರು ವೈದ್ಯರು. ಎರಡನೆಯದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರು. ನಿರ್ಧಾರವನ್ನು ಜಾರಿಗೆ ತರುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಚುಚ್ಚುಮದ್ದು ಕೊಟ್ಟು ಸಾವು ತರಿಸುವ ಸಕ್ರಿಯ ದಯಾಮರಣ ಇಂದಿಗೂ ಅಪರಾಧ.